ಮುರಿದ ಬೋಲ್ಟನ್ನು ಬಿಡಿಸುವ ಬಗೆ

ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ತಂದೆಯ ಕಾಲದ ಯೆಜ್ದಿ ಮೋಟಾರುಸೈಕಲ್ಲನ್ನು ಜೋಪಾನವಾಗಿಟ್ಟುಕೊಂಡಿರುವ ಗೃಹಸ್ಥರಿಗಾಗಿ ಇದನ್ನು ಬರೆಯುತ್ತೇವೆ. ಅದನ್ನು ನಿರ್ಮಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿಹೋಯಿತು. ಆದುದರಿಂದ ಇಂಜಿನಿನ ಕವಚದೊಳಗೆ ಬೋಲ್ಟು ಮುರಿದು ಉಳಿದರೆ, ಬೋಲ್ಟನ್ನು ತೆಗೆಯುವುದಕ್ಕಿಂತ ಕವಚವನ್ನು ಕಾಯುವುದೇ ಮುಖ್ಯವು.

ಕವಚವು ಅಲ್ಯೂಮಿನಿಯಮ್, ಬೋಲ್ಟು ಉಕ್ಕು. ನೀರು ಸೇರಿದರೆ ಇವೆರಡರ ಸಂಧಿಯಲ್ಲಿ ಬಿಳಿಯ ಕಿಟ್ಟವು ಹುಟ್ಟಿ ಬೋಲ್ಟನ್ನು ಕಚ್ಚಿಹಿಡಿಯುತ್ತದೆ. ಆದರೆ ಕಾಸಿದಾಗ ಅಲ್ಯೂಮಿನಿಯಮ್ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದು. ಬಿಡುಗಡೆಯ ಗುಟ್ಟು ಇದರಲ್ಲಿಯೇ ಇದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹನಿಸಿ, ಮರುದಿನ ಚೆನ್ನಾಗಿ ಒರೆಸಿ, ಗಾಡಿಯಿಂದ ಬಿಚ್ಚಿದ ಕವಚವನ್ನು ಪೆಟ್ರೋಲಿನಿಂದ ದೂರ ಒಯ್ದು, ಬೋಲ್ಟಿನ ಸುತ್ತಲೂ ಕಾಸತಕ್ಕದ್ದು. ಅಲ್ಯೂಮಿನಿಯಮ್ ಕಬ್ಬಿಣದಂತೆ ಕೆಂಪೇರಿ ಎಚ್ಚರಿಸುವುದಿಲ್ಲ. 660 ಡಿಗ್ರಿಗೆ ಸುಮ್ಮನೆ ಕರಗಿಬಿಡುತ್ತದೆ. ನೀರಿನ ಹನಿ ಚುರುಗುಟ್ಟಿದರೆ ಸಾಕು.

ತುಂಡು ಹೊರಗೆ ಚಾಚಿದ್ದರೆ ಅದಕ್ಕೊಂದು ನಟ್ಟನ್ನು ಬೆಸುಗೆ ಹಾಕಿಸಿ, ಪಾನಾದಿಂದ ಹಿಂದುಮುಂದೆ ಅಲುಗಿಸಿರಿ. ಒಳಗೇ ಮುರಿದಿದ್ದರೆ ಸರಿಯಾಗಿ ನಡುವೆ ಪಂಚಿನಿಂದ ಗುರುತುಮಾಡಿ, ಎಡಸುತ್ತಿನ ಡ್ರಿಲ್ಲಿನಿಂದ ಕೊರೆಯಬೇಕು. ಕೆಲವೊಮ್ಮೆ ಕೊರೆಯುವಾಗಲೇ ತುಂಡು ತಾನಾಗಿ ತಿರುಗಿ ಹೊರಬರುವುದು. ಗಡಸು ಎಕ್ಸ್‌ಟ್ರ್ಯಾಕ್ಟರನ್ನು ಬಲವಂತದಿಂದ ತಿರುವುವುದು ಮಾತ್ರ ನಮಗೆ ಒಪ್ಪಿಗೆಯಿಲ್ಲ. ಅದು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ಲು ಅದನ್ನು ಕೊರೆಯಲಾರದು.