ನಿಮಗಿದು ಗೊತ್ತೆ? ಪೈಲ್ವಾನನಿಗಾಗಿ ಮನೆ ಒತ್ತೆ ಇಟ್ಟ ಪ್ರಿನ್ಸಿಪಾಲರು

ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯಲ್ಲಿ ರಾಯಣ್ಣ ಮೈ ಹುರಿಗೊಳಿಸಿದನೆನ್ನುವ ಗರಡಿಮನೆ ಇಂದಿಗೂ ಇದೆ. ಕಿತ್ತೂರು ಉತ್ಸವಕ್ಕೆ ಜಂಗಿ ಕುಸ್ತಿ ಇಲ್ಲದಿದ್ದರೆ ಜನಕ್ಕೆ ಸಪ್ಪೆ. ಸವದತ್ತಿ, ರಾಮದುರ್ಗದ ಕಡೆಯ ಜಾತ್ರೆಗಳಲ್ಲೂ ಕೆಂಪು ಮಣ್ಣಿನ ಕಣ, ಹಲಗಿ ಸದ್ದು, ಎದುರಾಳಿ ಚಿತ್ ಆಗುವ ತನಕ ಬಿಡದ ಪಟ್ಟು.

ಕಾಲೇಜು ಕುಸ್ತಿಯ ಲೆಕ್ಕವೇ ಬೇರೆ. ಮಣ್ಣಿನ ಬದಲು ಮ್ಯಾಟ್, ಮೂರು ಮೂರು ನಿಮಿಷದ ಎರಡು ಸುತ್ತು. ಫ್ರೀಸ್ಟೈಲ್‌ನಲ್ಲಿ 10 ಪಾಯಿಂಟ್ ಮುನ್ನಡೆ ಸಿಕ್ಕರೆ, ಬೆನ್ನು ನೆಲಕ್ಕೆ ತಾಗದಿದ್ದರೂ, ಆಟ ಅಲ್ಲಿಗೇ ಖಲಾಸ್!

ಮಣ್ಣಿನಿಂದ ಮ್ಯಾಟಿಗೆ ಬಂದ ಪೈಲ್ವಾನರ ಫಜೀತಿಯನ್ನು ಚೆನ್ನಾಗಿ ಉಂಡವರು ನೆರೆಯ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದ ಖಾಶಾಬಾ ಜಾಧವ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟೂ ಹೊಸದು, ನಿಯಮಗಳೂ ಹೊಸವು. ಆದರೂ ಫ್ಲೈವೇಟ್‌ನಲ್ಲಿ ಆರನೇ ಸ್ಥಾನ. 1952ರ ಹೆಲ್ಸಿಂಕಿಗೆ ಹೋಗಲು ದುಡ್ಡಿರಲಿಲ್ಲ. ಊರವರು ವಂತಿಗೆ ಎತ್ತಿದರು. ಕಾಲೇಜಿನ ಪ್ರಿನ್ಸಿಪಾಲ್ ಖರ್ಡೇಕರ್ ತಮ್ಮ ಮನೆಯನ್ನೇ ಒತ್ತೆ ಇಟ್ಟು 7,000 ರೂಪಾಯಿ ಕೊಟ್ಟರು. ಇಂಥ ಪ್ರಿನ್ಸಿಪಾಲರು ಇಂದು ಎಷ್ಟು ಮಂದಿ ಸಿಕ್ಕಾರು? ಜಾಧವ ಅಲ್ಲಿ ಬ್ಯಾಂಟಮ್‌ವೇಟ್‌ನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ವಿಭಾಗದಲ್ಲಿ ಬಂದ ಮೊದಲ ಒಲಿಂಪಿಕ್ ಪದಕವದು. ಊರಿನಲ್ಲಿ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆ. ಆಮೇಲೆ ಕುಸ್ತಿ ಪಂದ್ಯಗಳಲ್ಲಿ ಗಳಿಸಿದ ಹಣದಿಂದ ಗುರುಗಳ ಸಾಲ ತೀರಿಸಿದರು. ಅವರು ತೀರಿಕೊಂಡದ್ದು 1984ರಲ್ಲಿ. ಅರ್ಜುನ ಪ್ರಶಸ್ತಿ ಸಂದದ್ದು ಮರಣಾನಂತರ.