ಶಾಲೆ ಮುಚ್ಚಿತು, ಟ್ಯೂಷನ್ ಹಾಕಿದರೆ ಸಾಕೇ?

ಕೋವಿಡ್ ಕಾಲದಲ್ಲಿ ಬಾಡಿಗೆ ಕಟ್ಟಡಗಳಲ್ಲಿ ನಡೆಯುತ್ತಿದ್ದ ಸಣ್ಣ ಖಾಸಗಿ ಶಾಲೆಗಳು ಬಾಗಿಲು ಹಾಕಿದಾಗ ಪೋಷಕರ ನಡುವೆ ಕೆಲವು ಮಾತುಗಳು ಹರಿದಾಡಿದವು. ಈಗಲೂ ಎಲ್ಲಿಯಾದರೂ ಒಂದು ಶಾಲೆ ಮುಚ್ಚಿದರೆ ಅವೇ ಮಾತುಗಳು ಕೇಳಿಬರುತ್ತವೆ. ಬಹುಪಾಲು ತಪ್ಪು.

“ಪಾಠ ಚೆನ್ನಾಗಿರಲಿಲ್ಲ, ಅದಕ್ಕೇ ಮುಚ್ಚಿತು.”

ಅನೇಕ ಕಡೆ ಕೈಕೊಟ್ಟದ್ದು ಪಾಠವಲ್ಲ, ಜಮಾ-ಖರ್ಚು. ತಿಂಗಳ ಫೀಸಿನಲ್ಲೇ ಮೇಷ್ಟ್ರ ಸಂಬಳ, ಕಟ್ಟಡದ ಬಾಡಿಗೆ, ವ್ಯಾನಿನ ಕಂತು ಹೊಂದಿಸುವ ಶಾಲೆ, ಪೋಷಕರ ದುಡಿಮೆ ನಿಂತ ಕೂಡಲೇ ಕುಸಿಯುತ್ತದೆ. 2021ರ ಜನವರಿಯಲ್ಲಿ ರಾಜ್ಯ ಸರ್ಕಾರ ಬೋಧನಾ ಶುಲ್ಕವನ್ನು ಶೇ 30ರಷ್ಟು ಕಡಿತಗೊಳಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಆ ಕಡಿತವನ್ನು ಶೇ 15ಕ್ಕೆ ಇಳಿಸಿತು. ಅಷ್ಟು ದಿನ ತಡೆದುಕೊಳ್ಳುವ ಗಂಟು ಸಣ್ಣ ಶಾಲೆಗಳಲ್ಲಿ ಇರಲಿಲ್ಲ. ಅದಕ್ಕೂ ಮೊದಲೇ, 2019ರಿಂದ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಬಡ ಮಕ್ಕಳಿಗೆ ಉಚಿತ ಸೀಟು ಕೊಡಬೇಕಿಲ್ಲ ಎಂದಾಗಿತ್ತು. ಆ ಮಕ್ಕಳ ಲೆಕ್ಕದಲ್ಲಿ ಬರುತ್ತಿದ್ದ ಸರ್ಕಾರದ ಹಣವೂ ವರ್ಷದಿಂದ ವರ್ಷಕ್ಕೆ ಕರಗಿತು.

“ಟಿ.ಸಿ. ಇಲ್ಲದಿದ್ದರೆ ಯಾರೂ ಸೇರಿಸಿಕೊಳ್ಳುವುದಿಲ್ಲ.”

ಮಕ್ಕಳನ್ನು ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸುವ ನಂಬಿಕೆ ಇದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮುಖ್ಯ ಶಿಕ್ಷಕರು ಟಿ.ಸಿ.ಯನ್ನು ಕೂಡಲೇ ಕೊಡಬೇಕು. ಅದು ತಡವಾಯಿತೆಂದು ಇನ್ನೊಂದು ಶಾಲೆ ದಾಖಲಾತಿ ತಡೆಯುವಂತಿಲ್ಲ. ಆದರೆ ಎರಡು ಮಿತಿಗಳಿವೆ. ಈ ರಕ್ಷಣೆ ಎಂಟನೇ ತರಗತಿವರೆಗೆ ಮಾತ್ರ. ಅನುದಾನರಹಿತ ಖಾಸಗಿ ಶಾಲೆಗೇ ವರ್ಗ ಮಾಡಿಕೊಡಿ ಎಂದು ಹಕ್ಕಿನಿಂದ ಕೇಳಲು ಈ ಸೆಕ್ಷನ್‌ನಲ್ಲಿ ಅವಕಾಶವಿಲ್ಲ. ಆರ್‌ಟಿಇ ಸೀಟಿನ ಮಗುವಿಗೂ ಇದೇ ಅನ್ವಯ. ಆಡಳಿತ ಮಂಡಳಿಯವರು ಫೋನೇ ಎತ್ತದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಗೆ ಅರ್ಜಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಮಗುವಿನ ಎಸ್‌ಎಟಿಎಸ್ ಸಂಖ್ಯೆ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಗುರುತಿನ ಸಂಖ್ಯೆ) ಹಳೆಯ ಅಂಕಪಟ್ಟಿಯಲ್ಲಿದ್ದರೆ ಅದನ್ನೂ ಅರ್ಜಿಯಲ್ಲಿ ಬರೆಯಿರಿ. ಬಾಯಿಮಾತಿನ ಭರವಸೆ ನಂಬಿ ಬರಬೇಡಿ.

“ಶಾಲೆಗೆ ಮಾನ್ಯತೆ ಇರಲಿಲ್ಲ, ಮತ್ತೆ ಒಂದನೇ ಕ್ಲಾಸಿನಿಂದ ಓದಬೇಕು.”

ಬೇಕಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದು ಅದೇ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ.

“ತಪ್ಪಿಹೋದ ಸಿಲಬಸ್ ಟ್ಯೂಷನ್‌ನಲ್ಲಿ ಮುಗಿಸಿದರೆ ಸರಿಹೋಗುತ್ತದೆ.”

ಆರನೇ ತರಗತಿಯ ಮಗುವಿಗೆ 402ರಲ್ಲಿ 178 ಕಳೆಯಲು ಕೊಟ್ಟು ನೋಡಿ. ಉತ್ತರ 376 ಎಂದು ಬಂದರೆ ಅದನ್ನು ಅಜಾಗರೂಕತೆ ಎನ್ನಬೇಡಿ. ಆ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: ಎಂಟರಲ್ಲಿ ಎರಡು, ಏಳರಲ್ಲಿ ಸೊನ್ನೆ, ನಾಲ್ಕರಲ್ಲಿ ಒಂದು. ಅದರ ತಲೆಯಲ್ಲಿ ನಿಯಮ ಇದೆ, ನಿಯಮವೇ ತಪ್ಪು. ಮೂರನೇ ತರಗತಿಯ ಹೊತ್ತಿಗೆ ಕೂಡಿಬರಬೇಕಿದ್ದ, ದಶಕ ತಂದು ಕಳೆಯುವ ಲೆಕ್ಕ ಕೂಡಿಬಂದಿಲ್ಲ. ಇಂಥ ಮಗುವಿಗೆ ಭಿನ್ನರಾಶಿಯ ಅಧ್ಯಾಯ ಓಡಿಸಿ ಮುಗಿಸಿದರೆ ನೋಟ್‌ಬುಕ್ ತುಂಬುತ್ತದೆ, ಅಷ್ಟೆ. ಟ್ಯೂಷನ್ ಶುರುವಾಗಬೇಕಾದದ್ದು ತರಗತಿಯ ಪುಸ್ತಕದಿಂದಲ್ಲ, ಮಗು ನಿಂತಿರುವ ಜಾಗದಿಂದ. ಇಂಗ್ಲಿಷ್ ಮಾಧ್ಯಮದಿಂದ ಕನ್ನಡ ಮಾಧ್ಯಮಕ್ಕೆ ಬಂದವರ ಕಷ್ಟ ಬೇರೆ: ಲೆಕ್ಕ ಬರುತ್ತದೆ, ಪ್ರಶ್ನೆ ಓದಲು ಬರುವುದಿಲ್ಲ. ಅವರಿಗೆ ದಿನಾ ಅರ್ಧ ಗಂಟೆ ಗಟ್ಟಿಯಾಗಿ ಕನ್ನಡ ಓದಿಸಿದರೆ ಗಣಿತದ ಅಂಕವೂ ಏರಬಹುದು.

“ಇದಕ್ಕೆಲ್ಲ ಬಿ.ಎಡ್. ಆದವರೇ ಬೇಕು, ಸಿಕ್ಕಾಪಟ್ಟೆ ಖರ್ಚು.”

2001ರಿಂದ 2003ರವರೆಗೆ ಮುಂಬೈ ಮತ್ತು ವಡೋದರಾದ ಸರ್ಕಾರಿ ಶಾಲೆಗಳಲ್ಲಿ ‘ಪ್ರಥಮ್’ ಸಂಸ್ಥೆ ನಡೆಸಿದ ಬಾಲಸಖಿ ಕಾರ್ಯಕ್ರಮವನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತಿತರರು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಕಲಿಸಿದವರು ಅದೇ ಬಡಾವಣೆಯ, ಹೆಚ್ಚಾಗಿ ಹೈಸ್ಕೂಲು ಮುಗಿಸಿದ ಯುವತಿಯರು. ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಓದು, ಎಣಿಕೆ, ಕೂಡು-ಕಳೆ ಹೇಳಿಕೊಟ್ಟರು. ಅತಿ ಹಿಂದೆ ಬಿದ್ದವರಿಗೇ ಹೆಚ್ಚು ಪ್ರಯೋಜನವಾಯಿತು. ಇದನ್ನು ಹೇಳಿ ಅಲ್ಲಿಗೇ ಮಾತು ನಿಲ್ಲಿಸುವವರುಂಟು. ಕಾರ್ಯಕ್ರಮ ನಿಂತ ಒಂದು ವರ್ಷದ ಮೇಲೆ ಆ ಲಾಭದ ದೊಡ್ಡ ಪಾಲು ಕರಗಿತ್ತೆಂದು ಅದೇ ಅಧ್ಯಯನ ಹೇಳಿದೆ. ಬೇಸಿಗೆ ರಜೆಯ ಒಂದು ಶಿಬಿರ ಮಾಡಿ ಫೋಟೊ ತೆಗೆಸಿಕೊಂಡರೆ ಸಾಲದು.

“ಹೊಸ ಶಾಲೆಯ ಮೇಷ್ಟ್ರ ಹತ್ತಿರವೇ ಟ್ಯೂಷನ್‌ಗೆ ಕಳಿಸೋಣ.”

ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವಂತಿಲ್ಲ. ಆದರೆ ಮುಚ್ಚಿದ ಶಾಲೆಯ ಮೇಷ್ಟ್ರು, ಮಿಸ್‌ಗಳು ಕೆಲಸವಿಲ್ಲದೆ ಅದೇ ಊರಿನಲ್ಲಿರುತ್ತಾರೆ. ಯಾವ ಮಗು ಎಲ್ಲಿ ಎಡವುತ್ತದೆಂದು ಅವರಿಗೆ ಗೊತ್ತು. ನಾಲ್ಕೈದು ಮನೆಯವರು ಸೇರಿ ಅವರಿಗೊಂದು ಸಂಭಾವನೆ ಹೊಂದಿಸಿ, ದೇವಸ್ಥಾನದ ಜಗಲಿಯೋ ಯಾರದೋ ಮನೆಯ ಪಡಸಾಲೆಯೋ ಬಿಟ್ಟುಕೊಡುವುದು ಹೊಸ ಕೋಚಿಂಗ್ ಸೆಂಟರಿನ ಪ್ಯಾಕೇಜಿಗಿಂತ ಅಗ್ಗ.