ಹಾರೆ: ಎರಡು ರಕಾರಗಳ ನಡುವೆ ಒಂದು ಕಬ್ಬಿಣದ ಕೋಲು

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಹೆಸರು ಶಾಸನ ಓದುವವರಿಗಿಂತ ಭೂವಿಜ್ಞಾನಿಗಳಿಗೇ ಹೆಚ್ಚು ಪರಿಚಿತ. ಉರುಟು ಕಲ್ಲುಗಳು ಬೆಸೆದುಕೊಂಡು ಆದ ಇಲ್ಲಿನ ಪುರಾತನ ಬಂಡೆಗೆ ‘ತಾಳ್ಯ ಕಾಂಗ್ಲಾಮರೇಟ್’ ಅಂತಲೇ ಹೆಸರು. ಇಂಥ ಕಲ್ಲುನೆಲದಲ್ಲಿ ಗುಣಿ ತೆಗೆಯೋಕೆ ಬರೀ ಗುದ್ದಲಿ ಸಾಲಲ್ಲ. ಮೊದಲು ಹಾರೆಯಲ್ಲಿ ಮೀಟಬೇಕು, ಗುದ್ದಲಿ ಆಮೇಲೆ. ತೆಂಗಿನಕಾಯಿ ಸುಲಿಯೋಕೂ ಇದೇ ಹಾರೆಯನ್ನ ಚೂಪು ಮೇಲಾಗಿ ನೆಲಕ್ಕೆ ನೆಡುತ್ತಾರೆ.

ಪದದ ವಿಷಯಕ್ಕೆ ಬರೋಣ. ಹಳಗನ್ನಡದ ಪಕಾರ ಹಕಾರವಾದದ್ದು ಈ ಬ್ಲಾಗಿನ ಓದುಗರಿಗೆ ಗೊತ್ತೇ ಇದೆ: ಪಾಲ್ ಹಾಲಾಯಿತು, ಪಳ್ಳಿ ಹಳ್ಳಿಯಾಯಿತು. ಹಾಗೇ ಪಾರೆ ಹಾರೆಯಾಯಿತು. ತಮಿಳಿನ ಪಾರೈ, ಕಡಪ್ಪಾರೈ, ಮಲಯಾಳದ ಪಾರ, ತೆಲುಗಿನ ಗಡ್ಡಪಾರ ಎಲ್ಲ ಇದರ ನೆಂಟರು. ಹಳೇ ಮೈಸೂರು ಕಡೆಯ ‘ಗಡಾರಿ’ಯನ್ನ ಗಡ್ಡಪಾರದ ಪಕ್ಕ ಇಟ್ಟು ನೋಡಿ, ಹೋಲಿಕೆ ಕಾಣುತ್ತೆ.

‘ಮಣ್ಣು ಹಾರಿಸುತ್ತೆ, ಅದಕ್ಕೇ ಹಾರೆ’ ಅಂತ ಸುಲಭವಾಗಿ ಹೇಳಿಬಿಡಬಹುದು. ಆದರೆ ಇದು ನಿಲ್ಲಲ್ಲ. ಹಾರು ಕ್ರಿಯಾಪದದ ಹಳೇ ರೂಪ ‘ಪಾಱು’, ಅಲ್ಲಿರೋದು ಶಕಟರೇಫ. ಹಾರೆಯ ನೆಂಟರಲ್ಲಿರೋದು ಸಾದಾ ರಕಾರ. ತಮಿಳು, ಮಲಯಾಳಗಳು ಈ ಭೇದವನ್ನ ಬರವಣಿಗೆಯಲ್ಲಿ ಇವತ್ತಿಗೂ ಉಳಿಸಿಕೊಂಡಿವೆ. ಮಲಯಾಳದಲ್ಲಿ ಸಾದಾ ರಕಾರದ ‘ಪಾರ’ ಅಂದ್ರೆ ಹಾರೆ, ಶಕಟರೇಫದ ‘ಪಾಱ’ ಅಂದ್ರೆ ಬಂಡೆ! ತುಳುವಿನ ‘ಪಾದೆ’ ಈ ಬಂಡೆಯ ಕುಲದ್ದೇ. ಮೀಟುವ ಕೋಲಿಗೂ ಮೀಟಿಸಿಕೊಳ್ಳುವ ಬಂಡೆಗೂ ನಡುವೆ ಇರೋದು ಒಂದೇ ಅಕ್ಷರ. ಶಾಸನದ ಪಾಠ ಎತ್ತುವಾಗ ಱ ಕಂಡಲ್ಲಿ ‘ಈಗ ಬಳಕೆಯಲ್ಲಿ ಇಲ್ಲವಲ್ಲ’ ಅಂತ ರ ಬರೆದುಬಿಟ್ಟರೆ ಮುಂದಿನವರು ಅರ್ಥ ಹುಡುಕೋ ದಾರಿಯನ್ನೇ ಮುಚ್ಚಿದ ಹಾಗೆ. ಪಾಠ ಅಂದ್ರೆ ಕಲ್ಲಲ್ಲಿ ಇದ್ದದ್ದು, ತಿದ್ದುಪಡಿ ಅಡಿಟಿಪ್ಪಣಿಗೆ. (ಇಂಗ್ಲಿಷಿನ ‘ಕ್ರೋಬಾರ್’ನಲ್ಲಿ ಕೂತಿರೋದು ಕಾಗೆ. ಅವರದ್ದು ಬೇರೆ ಕಥೆ.)

ಇನ್ನು ಎಂಜಿನಿಯರ್ ಲೆಕ್ಕ. ಉಕ್ಕಿನ ಸರಳಿನ ತೂಕಕ್ಕೆ ಸೈಟಿನಲ್ಲಿ ಎಲ್ಲರಿಗೂ ಬಾಯಿಪಾಠ ಇರೋ ಸೂತ್ರ: ವ್ಯಾಸದ ವರ್ಗವನ್ನ 162ರಿಂದ ಭಾಗಿಸಿದರೆ ಮೀಟರಿಗೆ ಇಷ್ಟು ಕಿಲೋ. 25 ಮಿ.ಮೀ. ದಪ್ಪ, ಒಂದೂವರೆ ಮೀಟರ್ ಉದ್ದದ ಹಾರೆ ಸುಮಾರು 5.8 ಕಿಲೋ ತೂಗುತ್ತೆ. ತುದಿಯಿಂದ 10 ಸೆಂ.ಮೀ. ದೂರದಲ್ಲಿ ಒತ್ತುಗಲ್ಲು ಕೊಟ್ಟರೆ ಈಚೆಗೆ 140 ಸೆಂ.ಮೀ. ಉಳಿಯುತ್ತೆ, ಅಂದ್ರೆ 14 ಪಟ್ಟು ಬಲ. ಈಗ 1.8 ಮೀಟರ್ ಎತ್ತರ, 0.9 ಮೀಟರ್ ಅಗಲ, 20 ಸೆಂ.ಮೀ. ದಪ್ಪದ ಒಂದು ಶಾಸನಕಲ್ಲು ನೆಲಕ್ಕೆ ಮಲಗಿದೆ ಅಂದ್ಕೊಳ್ಳಿ. ಗ್ರಾನೈಟ್ ಆದರೆ ಸುಮಾರು 875 ಕಿಲೋ. ಒಂದು ಅಂಚು ಎತ್ತೋಕೆ ಅದರ ಅರ್ಧ ಬಲ ಸಾಕು. ಒಬ್ಬ ಆಳು 32 ಕಿಲೋದಷ್ಟು ಒತ್ತಿದರೆ ಅಂಚು ಎದ್ದೇ ಏಳುತ್ತೆ.

ಭಯ ಇರೋದೂ ಇಲ್ಲೇ. ಆ 440 ಕಿಲೋ ಭಾರ ಪೂರ್ತಿ ಕೂರೋದು ಹಾರೆಯ ತುದಿಯಷ್ಟು ಜಾಗದ ಮೇಲೆ. ಅಲ್ಲಿ ಒಂದು ಸಾಲು ಅಕ್ಷರ ಇದ್ದರೆ ಚಕ್ಕೆಯ ಜೊತೆ ಹೋಯ್ತು. ನಿಧಿ ಆಸೆಗೆ ರಾತ್ರಿ ಹಾರೆ ಹಿಡಿದು ಬರುವವರಿಗೆ ಇದನ್ನ ಹೇಳಿ ಪ್ರಯೋಜನ ಇಲ್ಲ. ಆದರೆ ‘ಹಿಂದೆ ಏನಿದೆ ನೋಡೋಣ’ ಅಂತ ಕಲ್ಲು ಮಗುಚೋ ನಮ್ಮಂಥ ಆಸಕ್ತರಿಗೆ ಹೇಳಲೇಬೇಕು. ಬಿ. ಎಲ್. ರೈಸ್ ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟವಾಗಿ ಪ್ರಕಟಿಸಿದ್ದು 1903ರಲ್ಲಿ. ಆ ಸಂಪುಟ ಹಿಡಿದು ಹಳ್ಳಿಗೆ ಹೋಗಿ, ಅಚ್ಚಾದ ಸಾಲನ್ನ ಕಲ್ಲಿನ ಜೊತೆ ಹೋಲಿಸಬೇಕು ಅಂದ್ರೆ ಕಲ್ಲಿನ ಮೇಲೆ ಆ ಸಾಲು ಉಳಿದಿರಬೇಕಲ್ಲ. ಮಲಗಿದ ಕಲ್ಲು ಕಂಡರೆ ಫೋಟೋ ತೆಗೆದು, ಜಾಗ ಗುರುತು ಹಾಕಿಕೊಂಡು ಪುರಾತತ್ವ ಇಲಾಖೆಗೆ ತಿಳಿಸಿ. ಇಲಾಖೆಯವರು, ಊರವರು ಸೇರಿ ಎತ್ತೋ ದಿನ ಬಂದರೆ ಹಾರೆ ಹಾಕೋದು ಬರಹ ಇಲ್ಲದ ಬುಡದ ಕಡೆ. ಕಬ್ಬಿಣಕ್ಕೂ ಕಲ್ಲಿಗೂ ನಡುವೆ ಒಂದು ಮರದ ಹಲಗೆ, ಎದ್ದ ಅಂಚಿನ ಕೆಳಗೆ ಕೂಡಲೇ ಇನ್ನೊಂದು.